ಬಾಲ್ಕನಿಯ ಬಾಗಿಲಲ್ಲಿ ಎರಡು ಬೆರಳಷ್ಟು ಸಂದು

ನನ್ನ ಕೋಣೆಯ ಬಾಲ್ಕನಿ ಪಶ್ಚಿಮಕ್ಕೆ ಇದೆ. ಈ ದೇಶದಲ್ಲಿ ನಮಾಜಿಗೆ ಮುಖ ಮಾಡುವುದೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ. ಹಾಗಾಗಿ ನಮಾಜಿನ ಚಾಪೆ ಹಾಸಿದರೆ ಅದರ ತಲೆಯ ಭಾಗ ಬಾಲ್ಕನಿಯ ಗಾಜಿನ ಬಾಗಿಲಿನ ಬುಡಕ್ಕೆ ಬರುತ್ತದೆ. ದಿನಕ್ಕೆ ಐದು ಹೊತ್ತು ನನ್ನ ಹಣೆ ಮುಟ್ಟುವುದು ಆ ಜಾಗವನ್ನೇ. ಕೋಣೆಯ ಉಳಿದ ನೆಲವೆಲ್ಲ ಎ.ಸಿ.ಯಿಂದ ತಣ್ಣಗಿರುತ್ತದೆ. ಬಾಗಿಲ ಬುಡದ ಒಂದು ಗೇಣು ನೆಲ ಮಾತ್ರ ಸಂಜೆ ನಾಲ್ಕರ ನಮಾಜಿನ ಹೊತ್ತಿಗೆ ಬೆಚ್ಚಗಾಗಿರುತ್ತದೆ, ಒಲೆಯಿಂದ ಕಾವಲಿ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದ ಹಾಗೆ. ಬಂದ ಮೊದಲ ಬೇಸಿಗೆಯಲ್ಲಿ ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಎಂದು ಅನ್ನಿಸಿರಲಿಲ್ಲ.

ನಾನು ಹೆಚ್ಚು ಮಾತಿನವಳಲ್ಲ ಮಕ್ಕಳೇ, ಅದು ನಿಮಗೆ ಗೊತ್ತು. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಓದಲು ಅರಬಿಯೂ ಬರುತ್ತದೆ, ಬರೆಯಲು ಬರುವುದು ಕನ್ನಡ ಒಂದೇ. ನಾವು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ. ಯಾರು ಏನು ಹೇಳಿದರು ಎನ್ನುವುದನ್ನು ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ದೊಡ್ಡವನಿಗೆ ನಾನೇ ಅಕ್ಷರ ಕಲಿಸಿದ್ದೇನಲ್ಲ, ಅವನು ತಂಗಿಗೆ ಓದಿ ಹೇಳಲಿ.

ನಿಮ್ಮ ಅಜ್ಜ ಅಬುಧಾಬಿಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅವರು ಇರುವಾಗ ನಾನು ಈ ದೇಶ ನೋಡಲಿಲ್ಲ. ಅವರು ಕೆಲಸ ಬಿಟ್ಟು ಬಂದು ಊರಲ್ಲೇ ತೀರಿಕೊಂಡರು. ಗಂಡ ತೀರಿದ ಮೇಲೆ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಅದನ್ನು ಇದ್ದತ್ ಎನ್ನುತ್ತಾರೆ. ಅದು ಮುಗಿದ ಮೇಲೆ ನಿಮ್ಮ ಅಪ್ಪ ಬಂದು ನನ್ನನ್ನು ಇಲ್ಲಿಗೆ, ಸಿಲಿಕಾನ್ ಓಯಸಿಸ್‌ನ ಈ ಆರನೇ ಮಹಡಿಯ ಮನೆಗೆ ಕರೆತಂದ. ನೀವು ನಿಮ್ಮ ತಾಯಿಯನ್ನು ಮಮ್ಮಿ ಎನ್ನುತ್ತೀರಿ. ಹಾಗಾಗಿ ನಮ್ಮಲ್ಲಿ ತಾಯಿಗೆ ಹೇಳುವ ಉಮ್ಮ ಎಂಬ ಹೆಸರು ಈ ಮನೆಯಲ್ಲಿ ಖಾಲಿ ಇತ್ತು. ಅಪ್ಪ, ಮಮ್ಮಿ, ನೀವಿಬ್ಬರು, ಎಲ್ಲರೂ ನನ್ನನ್ನು ಉಮ್ಮ ಎಂದೇ ಕರೆದಿರಿ.

ಚಿಕ್ಕವಳೇ, ನಾನು ಬಂದ ಮೂರನೆಯ ದಿನ ನೀನು ನಿನ್ನ ದಿಂಬು ಎತ್ತಿಕೊಂಡು ನನ್ನ ಕೋಣೆಗೆ ಬಂದೆ. ಯಾರೂ ಕಳಿಸಿರಲಿಲ್ಲ. ಆಗ ನಿನಗೆ ಆರು ವರ್ಷ. ನಾನು ಬ್ಯಾರಿಯಲ್ಲಿ ಕೇಳಿದ್ದಕ್ಕೆ ನೀನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ, ಇಬ್ಬರಿಗೂ ಅರ್ಧ ಅರ್ಥವಾಗುತ್ತಿತ್ತು. ನನಗೆ ಅದು ಸಾಕಾಗಿತ್ತು. ಮದುವೆಯಾದ ಮೇಲೆ ಹೆಚ್ಚಿನ ವರ್ಷ ನನ್ನ ಪಕ್ಕದಲ್ಲಿ ಮಲಗಿದ್ದು ಮಕ್ಕಳೇ. ಪಕ್ಕದಲ್ಲಿ ಒಂದು ಮಗು ಇಲ್ಲದಿದ್ದರೆ ನನಗೆ ಹಾಸಿಗೆ ಹಾಸಿಗೆಯ ಹಾಗೆ ಇರುವುದಿಲ್ಲ.

ನಿಮ್ಮ ಅಪ್ಪನ ಕೆಲಸ ಏನೆಂದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆಯೇ. ಊರಲ್ಲಿ ಕೇಳಿದವರಿಗೆ ಇಂಜಿನಿಯರ್ ಎಂದು ಹೇಳುತ್ತಿದ್ದೆ, ಅಷ್ಟೆ. ಜುಮೇರಾ ಲೇಕ್ ಟವರ್ಸ್‌ನಲ್ಲಿ ಅವನ ಆಫೀಸು. ಕಟ್ಟಡದ ಗೋಡೆ, ಕಿಟಕಿ, ಬಾಲ್ಕನಿಗಳಿಂದ ಸೆಖೆ ಒಳಗೆ ಬಾರದ ಹಾಗೆ, ತಂಪು ಹೊರಗೆ ಹೋಗದ ಹಾಗೆ ನಕ್ಷೆ ಮಾಡುವುದು ಅವನ ಕೆಲಸ. ಆ ವರ್ಷ ಊಟಕ್ಕೆ ಕುಳಿತಾಗಲೆಲ್ಲ ಅವನ ಬಾಯಲ್ಲಿ ಬಾಲ್ಕನಿಯದ್ದೇ ಮಾತು. ಒಂದು ಹೊಸ ಕಟ್ಟಡಕ್ಕೆ ಅವನು ಮಾಡಿದ ನಕ್ಷೆಯಲ್ಲಿ ಪ್ರತಿ ಬಾಲ್ಕನಿಗೂ ಕೋಣೆಯ ನೆಲಕ್ಕೂ ನಡುವೆ ಒಂದು ಗಟ್ಟಿ ಫೋಮಿನ ಪಟ್ಟಿ ಇಡಬೇಕು ಎಂದಿತ್ತು. ಕಟ್ಟಿಸುವವರು ಅದು ಬೇಡ ಎನ್ನುತ್ತಿದ್ದರು. ಅದು ಹಿಮ ಬೀಳುವ ದೇಶದವರ ಸಾಮಾನು, ಅಲ್ಲಿ ಮನೆಯ ಬಿಸಿ ಹೊರಗೆ ಹೋಗಬಾರದೆಂದು ಹಾಕುತ್ತಾರೆ, ಮರುಭೂಮಿಯಲ್ಲಿ ಎಂತಕ್ಕೆ ಎಂದು ಅವರು ಕೇಳುತ್ತಿದ್ದರಂತೆ.

ನನಗೆ ಅದೆಲ್ಲ ಹೇಗೆ ಎಂದು ಅರ್ಥವಾಗುತ್ತಿರಲಿಲ್ಲ. ಒಂದು ದಿನ ಅವನೇ ಸಾರಿನ ಪಾತ್ರೆಯಿಂದ ಸ್ಟೀಲಿನ ಸೌಟು ಎತ್ತಿ ಅದರ ಹಿಡಿಯನ್ನು ನನ್ನ ಕೈಗೆ ಮುಟ್ಟಿಸಿದ. ಬಿಸಿಯಾಗಿತ್ತು.

“ಬಾಲ್ಕನಿ ಬೇರೆ, ಕೋಣೆ ಬೇರೆ ಅಂತ ನಾವು ಹೇಳೋದು ಉಮ್ಮಾ. ಕಾಂಕ್ರೀಟಿಗೆ ಅದು ಗೊತ್ತಿಲ್ಲ. ನಿಮ್ಮ ಕೋಣೆಯ ನೆಲವೇ ಹೊರಗೆ ಐದು ಅಡಿ ಚಾಚಿದ್ದು. ಹೊರಗಿನದ್ದು ದಿನವಿಡೀ ಬಿಸಿಲಿಗೆ ಕಾಯ್ತದೆ, ಒಳಗಿನದ್ದು ಅದರ ಹಿಡಿ.”

ಸೌಟಿಗೆ ಮರದ ಹಿಡಿ ಹಾಕುವ ಹಾಗೆ ನಡುವೆ ಶಾಖ ದಾಟದ ಒಂದು ತುಂಡು ಇಟ್ಟರೆ ಮುಗಿಯಿತು, ಅಷ್ಟೇ ತಾನು ಕೇಳುವುದು ಎಂದ. ನಿಮ್ಮ ಮಮ್ಮಿ ಊಟ ಬಡಿಸುತ್ತಾ, “ಊರಿನವರ ಬಾಲ್ಕನಿ ಎಲ್ಲ ಸರಿ ಮಾಡಿ ಆಯ್ತಾ? ನಮ್ಮ ಬಾಲ್ಕನಿಯ ಬಲ್ಬು ಹೋಗಿ ಎರಡು ತಿಂಗಳಾಯ್ತು” ಎಂದಳು. ಅವನು ನಕ್ಕ. ನಾನು ಆಗಲೇ ಹಣೆಗೆ ತಾಗುವ ಬಿಸಿಯ ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆ ಬಾಗಿಲಿನ ವಿಷಯಕ್ಕೆ ಮಾತು ಬರುವುದು ನನಗೆ ಬೇಡವಾಗಿತ್ತು.

ಯಾಕೆ ಬೇಡವಾಗಿತ್ತು ಎಂದು ಈಗ ಹೇಳುತ್ತೇನೆ.

ಊರಲ್ಲಿ ನನಗೆ ಎಚ್ಚರವಾಗುತ್ತಿದ್ದುದು ಬೆಳಗಿನ ಜಾವದ ಬಾಂಗಿನಿಂದ, ನಮಾಜಿಗೆ ಕರೆಯುವ ಕೂಗಿನಿಂದ. ಮಸೀದಿ ನಮ್ಮ ಗದ್ದೆಯ ಆಚೆ ಇತ್ತು, ಕಿಟಕಿ ಯಾವಾಗಲೂ ತೆರೆದೇ ಇರುತ್ತಿತ್ತು. ಇಲ್ಲಿಯೂ ರಸ್ತೆಯ ಆಚೆ ಮಸೀದಿ ಇದೆ. ಆದರೆ ಬಾಲ್ಕನಿಯ ಬಾಗಿಲಿಗೆ ಎರಡು ಪದರ ಗಾಜು. ಮುಚ್ಚಿದರೆ ಲಾರಿ ಹೋದರೂ ಕೇಳುವುದಿಲ್ಲ. ನಿಮ್ಮ ಅಪ್ಪ ನನ್ನ ಫೋನಿಗೆ ಬಾಂಗ್ ಹಾಕಿ ಕೊಟ್ಟಿದ್ದ. ಅದು ಕೂಗುತ್ತದೆ, ಸಮಯವೂ ಸರಿ. ಆದರೆ ಅದು ಫೋನಿನೊಳಗಿನದ್ದು. ಒಬ್ಬ ಮನುಷ್ಯ ಎದ್ದು, ಕೈಕಾಲು ತೊಳೆದು, ಗಂಟಲು ಸರಿಮಾಡಿಕೊಂಡು ಕರೆಯುವುದನ್ನು ಕೇಳಿ ಏಳುವುದು ನನಗೆ ರೂಢಿ.

ಬಾಗಿಲು ತೆರೆಯಬಾರದು ಎಂದು ಮನೆಯಲ್ಲಿ ಕಟ್ಟುನಿಟ್ಟಿತ್ತು. ಎ.ಸಿ. ಇರುವಾಗ ಬಾಗಿಲು ತೆರೆದರೆ ಏನಾಗುತ್ತದೆ ಎಂದು ನಿಮ್ಮ ಅಪ್ಪ ನಾನು ಬಂದ ದಿನವೇ ಹೇಳಿದ್ದ. ಜಾವದಲ್ಲಿ ಎದ್ದು ತೆರೆಯೋಣ ಎಂದರೆ ಆ ಬಾಗಿಲು ಜಾರುವಾಗ ನರಳುತ್ತದೆ, ನೀನು ಎಚ್ಚರವಾಗುತ್ತಿದ್ದೆ. ಹಾಗಾಗಿ ನಾನು ಒಂದು ಉಪಾಯ ಮಾಡಿದೆ. ಮಲಗುವ ಮೊದಲೇ ಬಾಗಿಲನ್ನು ಎರಡು ಬೆರಳಷ್ಟು ಸರಿಸಿ, ಅದು ತಾನಾಗಿ ಮುಚ್ಚಿಕೊಳ್ಳದ ಹಾಗೆ ಕೆಳಗಿನ ಹಳಿಯಲ್ಲಿ ಬಟ್ಟೆಗೆ ಹಾಕುವ ಒಂದು ಪ್ಲಾಸ್ಟಿಕ್ ಕ್ಲಿಪ್ ಇಡುತ್ತಿದ್ದೆ. ಮೇಲಿನಿಂದ ಪರದೆ ಎಳೆದರೆ ಯಾರಿಗೂ ಕಾಣುವುದಿಲ್ಲ. ಬೆಳಿಗ್ಗೆ ನಿಮ್ಮ ಮಮ್ಮಿ ಚಹಾ ತರುವ ಮೊದಲು ಕ್ಲಿಪ್ ತೆಗೆದು ಮುಚ್ಚಿಬಿಡುತ್ತಿದ್ದೆ. ಎ.ಸಿ.ಯ ಚಳಿಗೆ ನನ್ನ ಮೊಣಕಾಲು ನೋಯುತ್ತಿತ್ತು, ಆ ಸಂದಿನ ಬಿಸಿಗಾಳಿ ಅದಕ್ಕೂ ಹಿತವಾಗಿತ್ತು. ಬೇಸಿಗೆ ಪೂರ್ತಿ ಹಾಗೆಯೇ ನಡೆಯಿತು. ಎರಡು ಬೆರಳಷ್ಟು ಸಂದಿನಿಂದ ಏನಾದೀತು ಎಂದುಕೊಂಡಿದ್ದೆ.

ಆಗಸ್ಟಿನ ಕೊನೆಗೆ, ಗಾಳಿಯೇ ಒದ್ದೆಯಾಗಿರುವ ಆ ವಾರಗಳಲ್ಲಿ, ನಿನ್ನ ಕೆಮ್ಮು ಸುರುವಾಯಿತು. ಮೊದಲು ಎಲ್ಲರೂ ಶಾಲೆಯಿಂದ ತಂದ ಶೀತ ಎಂದರು. ಎರಡು ವಾರವಾದರೂ ಬಿಡಲಿಲ್ಲ. ಉಸಿರು ಎಳೆಯುವಾಗ ಎದೆಯಲ್ಲಿ ಸಣ್ಣ ಸೀಟಿಯ ಸದ್ದು ಬರುತ್ತಿತ್ತು. ಡಾಕ್ಟರು ಎಲ್ಲ ಕೇಳಿ ಕೊನೆಗೆ, ಮಲಗುವ ಕೋಣೆಯಲ್ಲಿ ಬೂಷ್ಟು ಏನಾದರೂ ಹಿಡಿದಿದೆಯೇ ನೋಡಿ ಎಂದರಂತೆ. ಬಂದು ಮಂಚ ಸರಿಸಿದಾಗ ಬಾಲ್ಕನಿಯ ಪಕ್ಕದ ಗೋಡೆಯ ಬುಡದಲ್ಲಿ, ಎ.ಸಿ.ಯ ಗಾಳಿ ನೇರ ಬಂದು ಬಡಿಯುವಲ್ಲಿ, ಕರಿಎಳ್ಳು ಚೆಲ್ಲಿದ ಹಾಗೆ ಚುಕ್ಕಿಗಳು. ಎ.ಸಿ.ಯ ಬಾಯಿಯಲ್ಲೂ ಇತ್ತು.

ಅಂದೇ ನಿನ್ನ ದಿಂಬು ಅಣ್ಣನ ಕೋಣೆಗೆ ಹೋಯಿತು. ನಿನ್ನನ್ನು ನನ್ನ ಕೋಣೆಗೆ ಬಿಡಬಾರದು, ಕಾರಣ ಗೊತ್ತಾಗಿ ಅದು ಸರಿಯಾಗುವವರೆಗೆ ಬಿಡುವುದೇ ಬೇಡ ಎಂದು ನಿನ್ನ ಮಮ್ಮಿ ಹೇಳಿದಳು. ಅವಳು ಊದ್ ಮೇಥಾದ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಕೆಲಸ ಮಾಡುವವಳು, ಇಂಥದ್ದು ಅವಳಿಗೆ ನಮಗಿಂತ ಹೆಚ್ಚು ಗೊತ್ತು. ನೀನು ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದೆ. ನಾನು ಹೋಗು ಎಂದು ಕೈಮಾಡಿದೆ.

ನಿಮ್ಮ ಅಪ್ಪ ಮೊದಲು ದೋಷ ಹೊರಿಸಿದ್ದು ಒಗೆದ ಬಟ್ಟೆಗಳ ಮೇಲೆ. ಇಲ್ಲಿ ಕೆಳಗಿನಿಂದ ಕಾಣುವ ಹಾಗೆ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದು. ಹಾಗಾಗಿ ನಿಮ್ಮ ಯೂನಿಫಾರ್ಮುಗಳನ್ನು ನಿಮ್ಮ ಮಮ್ಮಿ ನನ್ನ ಕೋಣೆಯಲ್ಲಿ ಸ್ಟ್ಯಾಂಡಿಗೆ ಹಾಕುತ್ತಿದ್ದಳು. ಆ ಒದ್ದೆಯೇ ಗೋಡೆಗೆ ಹೋಗುತ್ತಿರುವುದು ಎಂದು ಅವನು ಹೇಳಿದ. ಅವಳು ಕೆಲಸದಿಂದ ಬಂದ ಮೇಲೆ ಸ್ಟ್ಯಾಂಡನ್ನು ಬಾಲ್ಕನಿಗೆ ಒಯ್ದು ಅಡ್ಡಗೋಡೆಗಿಂತ ತಗ್ಗಿಗೆ ಬಟ್ಟೆ ಹಾಕತೊಡಗಿದಳು. ಒಮ್ಮೆ ಒಂದು ಅಂಗಿಯ ತೋಳು ಮೇಲೆ ಕಂಡು ವಾಚ್‌ಮ್ಯಾನ್ ಬಂದು ಹೇಳಿಹೋದ. ಗೋಡೆ ತೊಳೆದು ಔಷಧಿ ಹಾಕಿ ಒರೆಸಿದ್ದಾಯಿತು. ಹತ್ತು ದಿನದಲ್ಲಿ ಚುಕ್ಕಿಗಳು ಮತ್ತೆ ಬಂದವು. ನಾನು ಆಗಲೂ ಕ್ಲಿಪ್ ಇಡುತ್ತಿದ್ದೆ. ಬೂಷ್ಟಿಗೂ ಬಾಗಿಲಿಗೂ ಸಂಬಂಧ ಇರಬಹುದು ಎಂದು ನನ್ನ ತಲೆಗೆ ಹೋಗಿರಲಿಲ್ಲ ಎಂದರೆ ಅದು ಪೂರ್ತಿ ಸತ್ಯವಲ್ಲ. ಹೋಗಿತ್ತು. ನಾನು ಅದನ್ನು ಅಲ್ಲಿ ನಿಲ್ಲಲು ಬಿಡಲಿಲ್ಲ.

ಬಟ್ಟೆ ಹೊರಗೆ ಹೋದರೂ ಬೂಷ್ಟು ಬಂದದ್ದರಿಂದ ನಿಮ್ಮ ಅಪ್ಪ ಬಾಲ್ಕನಿಯ ಕಡೆಗೆ ತಿರುಗಿದ. ಆಫೀಸಿನಿಂದ ಬಿಸಿ ಅಳೆಯುವ ಕ್ಯಾಮರಾ ತಂದು ಚಿತ್ರ ತೆಗೆದ. ಇಡೀ ದೋಷ ಈ ಕಟ್ಟಡ ಕಟ್ಟಿದ ರೀತಿಯದ್ದು ಎಂದು ಮೇಂಟೆನೆನ್ಸ್‌ನವರಿಗೆ ಉದ್ದದ ಪತ್ರ ಬರೆದ. ಅವರು ಶನಿವಾರ ಸಂಜೆ ಬಂದು ನೋಡುತ್ತೇವೆ ಎಂದರು. ಆ ವಾರ ಅವನು ಖುಷಿಯಲ್ಲೇ ಇದ್ದ ಎನ್ನಬಹುದು. ಆಫೀಸಿನಲ್ಲಿ ಯಾರೂ ಕೇಳದ ಮಾತಿಗೆ ಸ್ವಂತ ಮನೆಯಲ್ಲಿ ಸಾಕ್ಷಿ ಸಿಕ್ಕಿತ್ತು. ನಾನು ಆ ವಾರ ಕ್ಲಿಪ್ ಇಡುವುದನ್ನು ನಿಲ್ಲಿಸಿದೆ, ಆದರೆ ಯಾರಿಗೂ ಹೇಳಲಿಲ್ಲ. ಹೇಳದಿದ್ದರೂ ಗೋಡೆ ಒಣಗಿ ನೀನು ಹಿಂದೆ ಬರಬಹುದು ಎಂದು ಲೆಕ್ಕ ಹಾಕಿದೆ. ಬಾಗಿಲು ಮುಚ್ಚಿ ಮೂರು ದಿನವಾದಾಗ ಗೋಡೆ ಮುಟ್ಟಿ ನೋಡಿದೆ. ಒಣಗಿತ್ತು. ಆಗ ನನಗೆ ಸಂಶಯ ಉಳಿಯಲಿಲ್ಲ.

ಶನಿವಾರ ಬಂದ ಮೇಂಟೆನೆನ್ಸ್‌ನ ಮೇಲ್ವಿಚಾರಕರು ಐವತ್ತು ದಾಟಿದ ಮಲಯಾಳಿ. ಅವರ ಭಾಷೆ ನಮ್ಮ ಬ್ಯಾರಿಗೆ ಹತ್ತಿರ, ನನಗೆ ಎಲ್ಲ ಅರ್ಥವಾಗುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದರು. ನಿಮ್ಮ ಅಪ್ಪ ಕ್ಯಾಮರಾ ಹಿಡಿದು ತೋರಿಸಿದ. ಕ್ಯಾಮರಾದ ಪರದೆಯ ಮೇಲೆ ಕೋಣೆಯ ನೆಲ ನೀಲಿಯಾಗಿತ್ತು, ಬಾಗಿಲ ಬುಡದಲ್ಲಿ ಕೇಸರಿ ಬಣ್ಣದ ಒಂದು ಪಟ್ಟಿ. ಗೇಣಿನಷ್ಟು ಅಗಲ. ನನ್ನ ಹಣೆಗೆ ಗೊತ್ತಿದ್ದ ಪಟ್ಟಿಯೇ ಅದು. ಮುಂಜಾನೆ ಬಾಲ್ಕನಿಯ ನೆಲ ಬಾಗಿಲ ಹತ್ತಿರ ಬೆವರುವುದನ್ನೂ ಅವನು ಹೇಳಿದ. ಹೊರಗಿನ ಬಿಸಿ ಒಳಗೆ ಬರುವ ದಾರಿಯಲ್ಲೇ ಒಳಗಿನ ತಂಪು ಹೊರಗೆ ಹೋಗಿ ಆ ನೆಲವನ್ನು ತಣ್ಣಗೆ ಮಾಡುತ್ತದೆ, ಒದ್ದೆ ಗಾಳಿ ಅಲ್ಲಿ ನೀರಾಗುತ್ತದೆ ಎಂದ.

ಮೇಲ್ವಿಚಾರಕರು ತಾಳ್ಮೆಯಿಂದ ಕೇಳಿದರು. ಬಗ್ಗಿ ನೆಲ ಮುಟ್ಟಿದರು, ಗೋಡೆ ಮುಟ್ಟಿದರು.

“ನೆಲ ಬಿಸಿ ಹೌದು. ಎಲ್ಲ ಮಹಡಿಯಲ್ಲೂ ಹೀಗೇ. ಅದನ್ನು ಈಗ ಕಡಿದು ಬೇರೆ ಮಾಡ್ಲಿಕ್ಕೆ ಆಗೂದಿಲ್ಲ ಸಾರ್” ಎಂದರು. “ಆದ್ರೆ ಬಿಸಿಯಿಂದ ಗೋಡೆ ಒದ್ದೆ ಆಗೂದಿಲ್ಲ. ಒದ್ದೆ ಗಾಳಿ ಎಲ್ಲಿಂದಲೋ ಒಳಗೆ ಬರ್ತಾ ಉಂಟು. ಯಾರೋ ಬಾಗಿಲು ತೆಗಿತಾರೆ.”

“ನಮ್ಮ ಮನೆಯಲ್ಲಿ ಯಾರೂ ತೆಗೆಯೋದಿಲ್ಲ. ಇದು ನನ್ನ ಕೆಲಸ, ನಾನು ಎಲ್ಲರಿಗೂ ಹೇಳಿಟ್ಟಿದ್ದೇನೆ” ಎಂದ ನಿಮ್ಮ ಅಪ್ಪ.

“ಬಟ್ಟೆ ಒಣಗಿಸ್ಲಿಕ್ಕೆ?”

ನಿಮ್ಮ ಅಪ್ಪ ತಿರುಗಿ ನಿಮ್ಮ ಮಮ್ಮಿಯನ್ನು ನೋಡಿದ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಮುಖ ಕೆಂಪಾಯಿತು. ಇನ್ನೊಂದು ಕ್ಷಣ ಹೋಗಿದ್ದರೆ ದೋಷ ಮತ್ತೆ ಅವಳ ತಲೆಗೇ ಬರುತ್ತಿತ್ತು. ನೀನು ಅಣ್ಣನ ಕೋಣೆಯಲ್ಲೇ ಇರುತ್ತಿದ್ದೆ. ಮಗ ಬೇರೆಯವರ ಎದುರು ತನಗೆ ಗೊತ್ತಿಲ್ಲದ್ದಕ್ಕೆ ಹೊಣೆ ನಿಂತಿರುತ್ತಿದ್ದ. ಪರಗಂಡಸಿನ ಎದುರು ನಾನು ಮಾತಾಡಿದವಳಲ್ಲ. ತಲೆಯ ಬಟ್ಟೆ ಮುಂದಕ್ಕೆ ಎಳೆದುಕೊಂಡು ಮಂಚದ ಪಕ್ಕದ ಡ್ರಾಯರ್ ತೆರೆದು ಕ್ಲಿಪ್ ತೆಗೆದೆ. ಅದನ್ನು ಬಾಗಿಲ ಹಳಿಯಲ್ಲಿ ಇಟ್ಟು ತೋರಿಸಿದೆ.

“ತೆಗೆಯುವುದು ನಾನು” ಎಂದೆ. “ಬೇಸಿಗೆ ಪೂರ್ತಿ. ರಾತ್ರಿಯಿಂದ ಬೆಳಿಗ್ಗೆವರೆಗೆ. ಅವಳ ಬಟ್ಟೆಯಿಂದ ಏನೂ ಆಗಿಲ್ಲ.”

ನಿಮ್ಮ ಅಪ್ಪ ಕ್ಯಾಮರಾ ಕೆಳಗೆ ಮಾಡಿದ.

“ಎಂತಕ್ಕೆ ಉಮ್ಮಾ?”

“ಬಾಂಗ್ ಕೇಳ್ಲಿಕ್ಕೆ.”

“ಫೋನಿನಲ್ಲಿ ಹಾಕಿ ಕೊಟ್ಟಿದ್ದೆನಲ್ಲ.”

“ಕೊಟ್ಟಿದ್ದಿ” ಎಂದೆ.

ಮೇಲ್ವಿಚಾರಕರು ಗಾಜಿನ ಹೊರಗೆ ಮಸೀದಿಯ ಕಡೆ ನೋಡುತ್ತಾ ನಿಂತಿದ್ದರು. ಆಮೇಲೆ ನಿಮ್ಮ ಅಪ್ಪನಿಗೆ, “ನಿಮ್ಮದೂ ಸರಿ ಸಾರ್, ನಮ್ಮದೂ ಸರಿ. ಬಿಸಿ ನೆಲದಿಂದ ಬರ್ತದೆ, ಒದ್ದೆ ಬಾಗಿಲಿಂದ ಬರ್ತದೆ. ಖಲಾಸ್” ಎಂದರು. ಬಾಗಿಲ ಅಂಚಿನ ರಬ್ಬರೂ ಸವೆದಿದೆ, ಹೊಸದು ಹಾಕಿಸುತ್ತೇನೆ, ಗೋಡೆಗೆ ಬಣ್ಣ ಕೊಡಿಸುತ್ತೇನೆ ಎಂದು ಬರೆದುಕೊಂಡು ಹೋದರು. ಹೋಗುವಾಗ ನನಗೆ ಸಲಾಂ ಹೇಳಿದರು.

ನಿಮ್ಮ ಅಪ್ಪನಿಗೆ ಸಿಟ್ಟು ಬಂದಿರಲಿಲ್ಲ, ನಾಚಿಕೆಯಾಗಿತ್ತು. ಅದು ಎರಡು ದಿನದಲ್ಲಿ ಹೋಯಿತು. ನಿಮ್ಮ ಮಮ್ಮಿಯದ್ದು ಅಷ್ಟು ಬೇಗ ಹೋಗಲಿಲ್ಲ. ಮರುದಿನ ಅಡುಗೆಮನೆಯಲ್ಲಿ ನಾನು ಈರುಳ್ಳಿ ಹೆಚ್ಚುತ್ತಿದ್ದಾಗ ಅವಳು ಬೆನ್ನು ತಿರುಗಿಸಿಕೊಂಡೇ ಹೇಳಿದಳು: “ಒಂದು ತಿಂಗಳು ಆ ಸ್ಟ್ಯಾಂಡ್ ಹೊತ್ತುಕೊಂಡು ಹೊರಗೆ ಹೋದೆ ಉಮ್ಮಾ. ನೀವು ಅಲ್ಲೇ ಕೂತು ನೋಡ್ತಾ ಇದ್ರಿ.”

ತಪ್ಪಾಯಿತು ಎಂದೆ. ಅವಳು ಒಲೆ ಸಣ್ಣ ಮಾಡಿ ಹೋದಳು. ಮುಂದೆ ಹಲವು ದಿನ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಚಹಾ ಮಾತ್ರ ಹೊತ್ತಿಗೆ ಸರಿಯಾಗಿ ತರುತ್ತಿದ್ದಳು.

ಬಾಲ್ಕನಿಗೆ ಏನು ಮಾಡಬಹುದೋ ಅದನ್ನು ನಿಮ್ಮ ಅಪ್ಪ ಮಾಡಿದ. ಕಾಂಕ್ರೀಟನ್ನು ಬೇರೆ ಮಾಡಲು ಆಗುವುದಿಲ್ಲ, ಬಿಸಿಲು ಅದರ ಮೇಲೆ ಬೀಳದ ಹಾಗೆ ಮಾಡಬಹುದು ಎಂದ. ನೆಲಕ್ಕೆ ಮರದ ಪಟ್ಟಿಗಳ ಹಾಸು ಹಾಕಿದ, ಅದರ ಕೆಳಗೆ ಗಾಳಿ ಆಡುವಷ್ಟು ಜಾಗ ಬಿಟ್ಟ. ಮೇಲಿನಿಂದ ಇಳಿಬಿಡುವ ಬಿದಿರಿನ ಪರದೆ ಕಟ್ಟಿದ, ಕಟ್ಟಡದವರ ಅನುಮತಿ ಕೇಳಿಯೇ ಕಟ್ಟಿದ. ಒಂದು ವಾರದ ನಂತರ ಅದೇ ಹೊತ್ತಿಗೆ ಕ್ಯಾಮರಾ ಹಿಡಿದ. ಕೇಸರಿ ಪಟ್ಟಿ ಹೋಗಿರಲಿಲ್ಲ, ಹಳದಿಯಾಗಿತ್ತು, ಸ್ವಲ್ಪ ಕಿರಿದಾಗಿತ್ತು. ಹಣೆಗೆ ಹೇಗಿದೆ ಎಂದು ನನ್ನನ್ನು ಕೇಳಿದ. ಮೊದಲಿನಷ್ಟಿಲ್ಲ ಎಂದೆ. ಅದನ್ನೂ ಬರೆದುಕೊಂಡ. ಎ.ಸಿ.ಯನ್ನು ಇಪ್ಪತ್ತೆರಡರಿಂದ ಇಪ್ಪತ್ತೈದಕ್ಕೆ ಏರಿಸಿದ. ಮೊಣಕಾಲಿನ ಮಾತನ್ನು ನಾನು ಅಂದೇ ಹೇಳಿದ್ದು. ಮೊದಲೇ ಯಾಕೆ ಹೇಳಲಿಲ್ಲ ಎಂದು ಯಾರೂ ಕೇಳಲಿಲ್ಲ. ಅವನ ಆಫೀಸಿನ ಆ ಹೊಸ ಕಟ್ಟಡದ ವಿಷಯ ಅರ್ಧ ಗೆದ್ದ ಹಾಗೆ ಮುಗಿಯಿತು: ಪಶ್ಚಿಮದ ಬಾಲ್ಕನಿಗಳಿಗೆ ಮಾತ್ರ ಫೋಮಿನ ಪಟ್ಟಿ ಹಾಕಲು ಕಟ್ಟಿಸುವವರು ಒಪ್ಪಿದರು.

ಬಾಂಗಿಗೆ ನಾನು ಈಗ ಬಾಲ್ಕನಿಗೆ ಹೋಗುತ್ತೇನೆ. ಹೊರಗೆ ಹೋಗಿ ಬಾಗಿಲು ಪೂರ್ತಿ ಎಳೆದುಕೊಂಡು ಮರದ ಹಾಸಿನ ಮೇಲೆ ನಿಲ್ಲುತ್ತೇನೆ. ಸೆಖೆಯ ತಿಂಗಳಲ್ಲಿ ಕನ್ನಡಕ ತಕ್ಷಣ ಮಂಜಾಗುತ್ತದೆ, ಏನೂ ಕಾಣುವುದಿಲ್ಲ. ಕೇಳುವುದಕ್ಕೆ ಕಣ್ಣು ಬೇಡವಲ್ಲ. ಮುಗಿದ ಮೇಲೆ ಒಳಗೆ ಬಂದು ಮುಚ್ಚುತ್ತೇನೆ. ಬಾಗಿಲು ನರಳುವುದಕ್ಕೆ ನಿಮ್ಮ ಅಪ್ಪ ಎಣ್ಣೆ ಬಿಟ್ಟಿದ್ದಾನೆ.

ಅಕ್ಟೋಬರ್ ಹೋಯಿತು. ನಿನ್ನ ಎದೆಯ ಸೀಟಿ ನಿಂತಿತ್ತು. ಗೋಡೆಗೆ ಬಳಿದ ಬಣ್ಣದ ಮೇಲೆ ಒಂದು ಚುಕ್ಕಿಯೂ ಬಂದಿರಲಿಲ್ಲ. ನಿನ್ನ ಮಮ್ಮಿ ವಾರಕ್ಕೊಮ್ಮೆ ಮಂಚ ಸರಿಸಿ ಫೋನಿನ ಬೆಳಕು ಬಿಟ್ಟು ನೋಡುತ್ತಿದ್ದಳು. ನಾನು ನಿನ್ನನ್ನು ಕಳಿಸು ಎಂದು ಕೇಳಲಿಲ್ಲ. ಕೇಳುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ. ನೀನು ಕೂಡ ಅಣ್ಣನ ಕೋಣೆಗೆ ಒಗ್ಗಿದ ಹಾಗೆ ಕಾಣುತ್ತಿದ್ದೆ, ಇಬ್ಬರೂ ನಗುವುದು ಗೋಡೆಯಾಚೆಯಿಂದ ಕೇಳುತ್ತಿತ್ತು.

ನವೆಂಬರಿನ ಒಂದು ಶುಕ್ರವಾರ ರಾತ್ರಿಯ ಇಶಾ ನಮಾಜು ಮುಗಿಸಿ ನಾನು ಚಾಪೆ ಮಡಚುತ್ತಿದ್ದೆ. ನಿನ್ನ ಮಮ್ಮಿ ನಿನ್ನ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು, ಹಿಂದೆ ನೀನು. ಅವಳು ದಿಂಬನ್ನು ಬೂಷ್ಟು ಬಂದಿದ್ದ ಗೋಡೆಯ ಬದಿಗೆ ಇಡಲಿಲ್ಲ, ಈಚೆ ಬದಿಗೆ ಇಟ್ಟಳು. ಹೊದಿಕೆ ಸರಿಮಾಡಿದಳು. ಆಮೇಲೆ ಪರದೆಯ ಹಿಂದೆ ಕೈ ಹಾಕಿ ಬಾಗಿಲನ್ನು ಒಮ್ಮೆ ಎಳೆದು ನೋಡಿದಳು. ಮುಚ್ಚಿತ್ತು.

“ನಾಳೆ ಇವಳಿಗೆ ರಜೆ, ಬೇಗ ಎಬ್ಬಿಸಬೇಡಿ ಉಮ್ಮಾ” ಎಂದು ಹೇಳಿ ದೀಪ ಆರಿಸಿದಳು.